‘ಸುಲ್ತಾನಳ ಕನಸಿ’ನಲ್ಲಿ ಪರದೆಯ ತರ್ಕ

ರೊಕೆಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಸ್ ಡ್ರೀಮ್’ ಎಂಬ ಇಂಗ್ಲಿಷ್ ಕಥೆಯು 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1880ರಲ್ಲಿ ಬಂಗಾಳದ ರಂಗಪುರ ಪ್ರಾಂತದಲ್ಲಿ ಹುಟ್ಟಿದ ಈ ಲೇಖಕಿಗೆ ಶಾಲೆಯ ಶಿಕ್ಷಣ ದೊರೆತಿರಲಿಲ್ಲ. ಬಂಗಾಳಿಯನ್ನು ಅಕ್ಕನಿಂದ, ಇಂಗ್ಲಿಷನ್ನು ಅಣ್ಣನಿಂದ ಮನೆಯೊಳಗೇ ಕಲಿತವರು.

ಸ್ತ್ರೀವಾದಿ ವಿಮರ್ಶಕರು ಈ ಕಥೆಯನ್ನು ಬಹುಮಟ್ಟಿಗೆ ಆದರ್ಶರಾಜ್ಯದ ಕಲ್ಪನೆಯೆಂದು ಓದಿದ್ದಾರೆ. ಸೂರ್ಯನ ಶಾಖದಿಂದ ನಡೆಯುವ ಅಡುಗೆ, ಆಕಾಶದಿಂದ ನೀರನ್ನು ಸೆಳೆಯುವ ಬೆಲೂನು, ವಾಯುರಥ ಮುಂತಾದವು ಅವರ ಮೆಚ್ಚಿಕೆಗೆ ಪಾತ್ರವಾಗಿವೆ. ಆದರೆ ಈ ಸ್ತ್ರೀರಾಜ್ಯದಲ್ಲಿ ಪರದೆಯು ಅಳಿದಿಲ್ಲ, ಸ್ಥಳ ಬದಲಾಯಿಸಿದೆಯಷ್ಟೆ. ಜನಾನಾದಲ್ಲಿ ಹೆಂಗಸರಿದ್ದಂತೆ ಇಲ್ಲಿ ಮರ್ದಾನಾದಲ್ಲಿ ಗಂಡಸರಿದ್ದಾರೆ. ಲೇಖಕಿಯ ಕಲ್ಪನೆ ಪರದೆಯನ್ನು ದಾಟಲಾರದೆ ಹೋಯಿತೆಂದು ಇದರಿಂದ ಆಕ್ಷೇಪಿಸಬಹುದು. ಆ ಆಕ್ಷೇಪವು ಕಥೆಯ ತರ್ಕವನ್ನು ಗ್ರಹಿಸಿಲ್ಲವೆಂದೇ ನನ್ನ ಅಭಿಪ್ರಾಯ.

ಹೆಂಗಸು ದುರ್ಬಲೆ, ಹೊರಗೆ ಅಪಾಯವಿದೆ, ಆದುದರಿಂದ ಆಕೆಯನ್ನು ಒಳಗಿಡಬೇಕು ಎಂಬುದು ಪರದೆಯ ಸಮರ್ಥಕರ ವಾದ. ರೊಕೆಯಾ ಈ ವಾದವನ್ನು ಖಂಡಿಸುವುದಿಲ್ಲ. ಒಪ್ಪಿಕೊಂಡು ಅದರ ಕೊನೆಯವರೆಗೆ ಒಯ್ಯುತ್ತಾರೆ. ಹುಚ್ಚರು ಆಸ್ಪತ್ರೆಯಿಂದ ತಪ್ಪಿಸಿಕೊಂಡರೆ ಕೂಡಿಹಾಕಬೇಕಾದುದು ಹುಚ್ಚರನ್ನೋ, ಬುದ್ಧಿ ನೆಟ್ಟಗಿರುವವರನ್ನೋ ಎಂದು ಕಥೆಯ ಸೋದರಿ ಸಾರಾ ಕೇಳುತ್ತಾಳೆ. ಅಪಾಯವನ್ನುಂಟುಮಾಡುವವರು ಗಂಡಸರಾದರೆ ಒಳಗಿರಬೇಕಾದವರೂ ಅವರೇ. ಹೀಗೆ ರಕ್ಷಣೆಯ ಮಾತು ತನ್ನ ಬಾಯಿಂದಲೇ ಸುಳ್ಳಾಗುತ್ತದೆ.

ಗಂಡಸರು ಒಳಗೆ ಹೋದ ಪ್ರಸಂಗವನ್ನು ವಾಚಕರು ನಿಧಾನವಾಗಿ ಓದಬೇಕು. ಯುದ್ಧದಲ್ಲಿ ಸೋತು ಬಳಲಿದವರು ತಾವಾಗಿಯೇ ಮರ್ದಾನಾವನ್ನು ಪ್ರವೇಶಿಸುತ್ತಾರೆ. ಅನಂತರ ಪೊಲೀಸ್ ಕಮಿಷನರರೂ ಜಿಲ್ಲಾ ಮ್ಯಾಜಿಸ್ಟ್ರೇಟರೂ ತಮ್ಮ ಅಧಿಕಾರವನ್ನು ಮರಳಿ ಕೊಡಬೇಕೆಂದು ಬಿನ್ನವಿಸಿಕೊಂಡಾಗ, ಅಗತ್ಯ ಬಿದ್ದರೆ ಕರೆಯಲಾಗುವುದು, ಅಲ್ಲಿಯವರೆಗೆ ಇರುವಲ್ಲಿಯೇ ಇರಬೇಕು ಎಂದು ರಾಣಿ ಸುತ್ತೋಲೆ ಹೊರಡಿಸುತ್ತಾಳೆ. ಇದು ಬ್ರಿಟಿಷ್ ಕಚೇರಿಯ ಭಾಷೆ. ಲೇಖಕಿಯ ಪತಿ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರೆಂಬುದನ್ನು ನೆನೆದರೆ ವಿನೋದ ಇನ್ನೂ ಹರಿತವಾಗುತ್ತದೆ. ಮನೆಯ ಯಜಮಾನಿಕೆಯನ್ನೂ ಸರಕಾರದ ಯಜಮಾನಿಕೆಯನ್ನೂ ಒಂದೇ ವಾಕ್ಯದಿಂದ ಅಣಕಿಸಿದ ಬರಹ ಆ ಕಾಲದಲ್ಲಿ ವಿರಳ.

ಕಥೆಗೆ ಮಿತಿಯಿಲ್ಲವೆಂದಲ್ಲ. ಹೊಲವನ್ನು ವಿದ್ಯುತ್ತು ಉಳುತ್ತದೆ. ಉಳುವ, ಬೀಸುವ, ಹೊರುವ ಹೆಂಗಸು ಎಲ್ಲಿಯೂ ಕಾಣಿಸುವುದಿಲ್ಲ. ಪರದೆಯೊಳಗೆ ಕೂರುವಷ್ಟು ಅನುಕೂಲವಿಲ್ಲದವಳಿಗೆ ಈ ಕನಸಿನಲ್ಲಿ ಎಡೆಯಿಲ್ಲ. 1924ರ ಬಂಗಾಳಿ ಕಾದಂಬರಿ ‘ಪದ್ಮರಾಗ’ದಲ್ಲಿ ಕನಸನ್ನು ಬಿಟ್ಟು ದುಡಿಮೆಗೆ ಬರುತ್ತಾರೆ. ಅಲ್ಲಿನ ತಾರಿಣಿಭವನದಲ್ಲಿ ಬೇರೆ ಬೇರೆ ಮತಗಳ ನೊಂದ ಹೆಂಗಸರು ಕೆಲಸ ಮಾಡಿ ಬದುಕುತ್ತಾರೆ. ನಾಯಕಿ ಸಿದ್ದಿಕಾ ಪತಿಯ ಮನೆಯನ್ನು ಒಲ್ಲೆನೆನ್ನುತ್ತಾಳೆ.

ವಿನೋದವು ಪೂರ್ತಿಯಾಗಿ ಮರೆಯಾಗುವುದು 1931ರ ‘ಅವರೋಧವಾಸಿನಿ’ಯಲ್ಲಿ. ಪರದೆಯ ಬಾಳಿನ 47 ಪ್ರಸಂಗಗಳ ಈ ಸಂಗ್ರಹದಲ್ಲಿ ಒಂದು ಹೀಗಿದೆ: ರೈಲು ಬದಲಿಸುವಾಗ ಬುರ್ಖಾ ತೊಡರಿ ಮಹಿಳೆಯೊಬ್ಬಳು ಹಳಿಗಳ ಮೇಲೆ ಬೀಳುತ್ತಾಳೆ. ಎತ್ತಲು ಬಂದ ಕೂಲಿಗಳನ್ನು ಜತೆಯ ದಾಸಿ ತಡೆಯುತ್ತಾಳೆ; ಪರಪುರುಷರು ಮುಟ್ಟಬಾರದು. ದಾಸಿಯೊಬ್ಬಳಿಗೇ ಆಕೆಯನ್ನು ಎತ್ತಲಾಗುವುದಿಲ್ಲ. ಸ್ವಲ್ಪ ಹೊತ್ತು ಕಾದು ರೈಲು ಹೊರಡುತ್ತದೆ.