ಒಂದೇ ಮಾತು, ನಾಲ್ಕು ವಿಂಡೋ

ಕಡೂರು ತಾಲ್ಲೂಕಿನ ಬೀರೂರಿನಲ್ಲಿ ವಿಜಯದಶಮಿಯ ಹೊತ್ತಿಗೆ ಮೈಲಾರಲಿಂಗಸ್ವಾಮಿಯ ಕಾರ್ಣಿಕ, ಅಂದರೆ ಭವಿಷ್ಯನುಡಿ. ನುಡಿ ಒಂದೆರಡು ಸಾಲಿನದು, ಅದೂ ಒಗಟಿನಂಥದ್ದು. ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಜನ ಅದರಲ್ಲೇ ಅರ್ಥ ಹುಡುಕುತ್ತಾರೆ. ಆದರೆ ಅರ್ಥಕ್ಕೆ ಮೊದಲು ಪದ ಸರಿಯಾಗಿ ಕೇಳಬೇಕಲ್ಲ? ಜನಜಂಗುಳಿಯ ಗದ್ದಲದಲ್ಲಿ ಹಿಡಿದ ಮೊಬೈಲ್ ವಿಡಿಯೊಗಳಲ್ಲಿ ಒಂದರಲ್ಲಿ ಕೇಳಿದ ಅಕ್ಷರ ಇನ್ನೊಂದರಲ್ಲಿ ಮುಳುಗಿಹೋಗಿರುತ್ತದೆ.

ಇಂಥ ಕಡೆ ಡೆಸ್ಕ್‌ಟಾಪಿನಲ್ಲಿ ಮೀಡಿಯಾ ಪ್ಲೇಯರಿನ ನಾಲ್ಕಾರು ವಿಂಡೋ ಒಟ್ಟಿಗೆ ತೆರೆದಿಟ್ಟುಕೊಳ್ಳುವುದು ಬರೀ ಶೋಕಿಯಲ್ಲ, ಒಂದು ವಿಚಾರಣೆಯ ಕ್ರಮ. ವಿಡಿಯೊಗಳನ್ನು ಒಂದಾದ ಮೇಲೊಂದು ನೋಡಿದರೆ ಮೊದಲು ಕೇಳಿದ್ದೇ ಕಿವಿಯಲ್ಲಿ ಕೂತು ಮುಂದಿನದನ್ನೂ ಹಾಗೇ ಕೇಳಿಸುತ್ತದೆ. ಪಕ್ಕಪಕ್ಕ ಇಟ್ಟರೆ ಆ ಮೋಸ ಕಡಿಮೆ.

ಪ್ಯಾರಿಸ್ಸಿನ ಕಾಲೇಜೊಂದರ ವಿದ್ಯಾರ್ಥಿಗಳು ಶುರುಮಾಡಿದ, 2001ರಿಂದ ಮುಕ್ತ ತಂತ್ರಾಂಶವಾಗಿರುವ ವಿಎಲ್‌ಸಿ ಇದಕ್ಕೆ ಸಾಕು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಎರಡನೇ ಫೈಲ್ ಒತ್ತಿದರೆ ಮೊದಲಿನದು ಹೋಗಿ ಅದೇ ಜಾಗದಲ್ಲಿ ಇದು ಕೂರುತ್ತದೆ. ಪ್ರಿಫರೆನ್ಸಸ್‌ಗೆ ಹೋಗಿ, ಫೈಲ್ ಮ್ಯಾನೇಜರ್‌ನಿಂದ ತೆರೆದಾಗ ಒಂದೇ ಇನ್‌ಸ್ಟನ್ಸ್ ಸಾಕು ಎಂಬಲ್ಲಿನ ಟಿಕ್ ತೆಗೆಯಬೇಕು. ಆಮೇಲೆ ಫೈಲಿಗೊಂದು ವಿಂಡೋ. ಎಲ್ಲವನ್ನೂ ನಿಲ್ಲಿಸಿ, ಒಂದು ಡೋಲಿನ ಪೆಟ್ಟನ್ನೋ ಕೂಗನ್ನೋ ಗುರುತು ಮಾಡಿಕೊಂಡು, ಪ್ರತಿ ವಿಂಡೋವನ್ನೂ ಅಲ್ಲಿಗೇ ತಂದು ನಿಲ್ಲಿಸಬೇಕು. ಧ್ವನಿ ಮಾತ್ರ ಒಂದರದ್ದೇ ಇರಲಿ, ಉಳಿದವಕ್ಕೆ ಎಮ್ ಕೀ ಒತ್ತಿ ಮ್ಯೂಟ್ ಮಾಡಿ. ನಾಲ್ಕರ ಸದ್ದೂ ಒಟ್ಟಿಗೆ ಬಿಟ್ಟರೆ ಸಿಗುವುದು ಇನ್ನೊಂದು ಸಂತೆ.

ವಿಎಲ್‌ಸಿಯ ಕೊರತೆ ಇರುವುದು ಹೀಗೆ ಗುರುತಿಗೆ ತಂದು ನಿಲ್ಲಿಸುವಲ್ಲೇ. ಇ ಕೀ ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಗುರುತು ದಾಟಿದರೆ ಮೂರು ಸೆಕೆಂಡು ಹಿಂದೆ ಹಾರಿ ಮತ್ತೆ ಒತ್ತುತ್ತ ಬರಬೇಕು. ಎಂಪಿವಿ ಎಂಬ ಇನ್ನೊಂದು ಪ್ಲೇಯರಿನಲ್ಲಿ ಪೂರ್ಣವಿರಾಮದ ಕೀ ಮುಂದಕ್ಕೆ, ಅಲ್ಪವಿರಾಮದ ಕೀ ಹಿಂದಕ್ಕೆ. ಫೈಲಿಗೊಂದು ವಿಂಡೋ ಎನ್ನುವುದು ಅದರ ಸಹಜ ರೂಢಿಯೇ. ಆದರೆ ಬಹುಪಾಲು ಕೀಗಳಿಂದಲೇ ನಡೆಸಬೇಕಾದ ಅದನ್ನು ಹೊಸಬರ ಕೈಗೆ ಕೊಡುವುದು ಕಷ್ಟ. ವಿಂಡೋಗಳನ್ನು ತಾವಾಗಿಯೇ ಒಂದೇ ತಾಳಕ್ಕೆ ಕೂರಿಸುವ ಕೆಲಸ ಎರಡೂ ಮಾಡುವುದಿಲ್ಲ. ಕಾರ್ಣಿಕದಂಥ ಅರೆನಿಮಿಷದ ನುಡಿಗೆ ಇದು ದೊಡ್ಡ ತೊಡಕಲ್ಲ. ರಾತ್ರಿಯಿಡೀ ನಡೆಯುವ ಬಯಲುಸೀಮೆಯ ಮೂಡಲಪಾಯ ಯಕ್ಷಗಾನವನ್ನು ಎರಡು ಮೊಬೈಲಿನಲ್ಲಿ ಹಿಡಿದಿದ್ದರೆ ಮಾತ್ರ, ಬೆಳಗಿನ ಜಾವಕ್ಕೆ ಒಂದು ಇನ್ನೊಂದರಿಂದ ಜಾರಿರುತ್ತದೆ. ಅದಕ್ಕೆ ಎಡಿಟಿಂಗ್ ತಂತ್ರಾಂಶವೇ ಬೇಕು.

ಈ ಪದ್ಧತಿಯ ನಿಜವಾದ ಬೆಲೆ ನನಗೆ ಕಾಣುವುದು ಬೇರೆ ಕಡೆ. ವಾಟ್ಸ್‌ಆ್ಯಪ್‌ನಲ್ಲಿ ಐದು ಗುಂಪಿನಿಂದ ಬಂದ ಐದು ವಿಡಿಯೊ ಐದು ಸಾಕ್ಷಿಯಂತೆ ತೋರುತ್ತವೆ. ಪಕ್ಕಪಕ್ಕ ಓಡಿಸಿ ನೋಡಿ: ಅದೇ ಕೆಮ್ಮು, ಅದೇ ಕೈನಡುಕ, ಅದೇ ಗಳಿಗೆಯಲ್ಲಿ ಚೌಕಟ್ಟಿಗೆ ಅಡ್ಡಬರುವ ಅದೇ ತಲೆ. ಐದೂ ಒಂದೇ ವಿಡಿಯೊದ ನಕಲು, ಒಂದಕ್ಕೆ ಚಾನೆಲ್ಲಿನ ಪಟ್ಟಿ, ಇನ್ನೊಂದಕ್ಕೆ ಹಾಡು ಅಂಟಿಸಿರುವುದಷ್ಟೇ ವ್ಯತ್ಯಾಸ. ಒಂದು ಪದ ಹೀಗೇ ಇತ್ತು ಎಂದು ಪಟ್ಟು ಹಿಡಿಯುವ ಮುನ್ನ ಈ ಪರೀಕ್ಷೆ ಆಗಲೇಬೇಕು.

ಆದ್ದರಿಂದ ಬೀರೂರಿಗೆ ಹೋಗಿ ಮೊಬೈಲ್ ಎತ್ತಿ ಹಿಡಿಯುವವರಲ್ಲಿ ಒಂದು ಕೋರಿಕೆ: ಫಾರ್ವರ್ಡ್ ಮಾಡಿದ ಮೇಲೆ ಮೂಲ ಫೈಲನ್ನು ಅಳಿಸಬೇಡಿ. ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ, ಎಲ್ಲಿ ನಿಂತು ಹಿಡಿದಿರಿ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ.