ಪಾತ್ರಗಳ ನಾಡಿ ಹಿಡಿಯುವ ವಿಮರ್ಶೆ

ಕಾದಂಬರಿ, ಕಥೆಗಳ ಪಾತ್ರಗಳಲ್ಲಿ ಆಟಿಸಂ ಮತ್ತು ಎಡಿಎಚ್‌ಡಿಯ ಲಕ್ಷಣಗಳನ್ನು ಗುರುತಿಸುವ ಓದು ಇಂಗ್ಲಿಷ್ ಸಾಹಿತ್ಯ ವಿಮರ್ಶೆಯಲ್ಲಿ ಈಚಿನ ದಶಕಗಳಲ್ಲಿ ಒಂದು ಪರಂಪರೆಯೆನ್ನಬಹುದಾದಷ್ಟು ಬೆಳೆದಿದೆ. ಸ್ವಲೀನತೆ ಎಂದೂ ಕರೆಯಲಾಗುವ ಆಟಿಸಂ, ಜನರೊಡನೆ ಒಡನಾಡುವ ರೀತಿ, ಇಂದ್ರಿಯಗಳ ಸೂಕ್ಷ್ಮತೆ, ಆಸಕ್ತಿಯ ತೀವ್ರತೆ ಹಾಗೂ ದಿನಚರಿಯ ಮೇಲಿನ ಪಟ್ಟು ಇವುಗಳಲ್ಲಿ ಚಿಕ್ಕಂದಿನಿಂದಲೇ ಕಾಣಿಸುವ ಭಿನ್ನತೆ. ಎಡಿಎಚ್‌ಡಿಯಲ್ಲಿ ಗಮನವು ಬೇಕೆಂದಲ್ಲಿ ನಿಲ್ಲದೆ ಹೋಗುವುದು, ಚಡಪಡಿಕೆ ಮತ್ತು ದುಡುಕು ಪ್ರಧಾನ. ಮೊದಲನೆಯದನ್ನು ಲಿಯೊ ಕ್ಯಾನರ್ 1943ರಲ್ಲೂ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲೂ ವಿವರಿಸಿದರು. ಎರಡನೆಯದರ ಈಗಿನ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯನ್ನು ಸೇರಿದ್ದು 1987ರಲ್ಲಿ. ಈ ಪರಂಪರೆಗೆ ಪ್ರಿಯವಾದ ಪಾತ್ರಗಳಲ್ಲಿ ಅನೇಕವು ಈ ಹೆಸರುಗಳಿಗಿಂತ ಬಹಳ ಹಳೆಯವು ಎಂಬುದರಿಂದಲೇ ಅದರ ಆಕರ್ಷಣೆಯೂ ಅದರ ಮೇಲಿನ ಅನುಮಾನವೂ ಹುಟ್ಟಿವೆ.

ಅನುಮಾನ ಹಳೆಯದು. ಫ್ರಾಯ್ಡ್‌ನ ಅನುಯಾಯಿ ಅರ್ನೆಸ್ಟ್ ಜೋನ್ಸ್ 1910ರಲ್ಲಿ ಹ್ಯಾಮ್ಲೆಟ್‌ನ ಮನಸ್ಸನ್ನು ಬಗೆದು ನೋಡಿದಂದಿನಿಂದಲೂ ಕೇಳಿಬರುತ್ತಿರುವ ಆಕ್ಷೇಪವೆಂದರೆ, ಪಾತ್ರಕ್ಕೆ ಮಿದುಳಿಲ್ಲ, ಬರೆಯದೆ ಬಿಟ್ಟ ಬಾಲ್ಯವಿಲ್ಲ, ಆದ್ದರಿಂದ ಅದು ರೋಗಿಯಾಗಲಾರದು ಎಂಬುದು. ಇದು ನಿಜವಾದರೂ ಇಷ್ಟಕ್ಕೇ ಮಾತು ಮುಗಿಯುವುದಿಲ್ಲ. ಏಕೆಂದರೆ ಪಾತ್ರವೊಂದನ್ನು ಅಹಂಕಾರಿ ಎಂದೋ ಜಿಪುಣನೆಂದೋ ಕರೆಯುವಾಗಲೂ ವಿಮರ್ಶಕನು ಪುಟದ ಮೇಲಿನ ನಡೆನುಡಿಗಳಿಂದ ಪುಟದಲ್ಲಿಲ್ಲದ ಸ್ವಭಾವವೊಂದನ್ನು ಊಹಿಸುತ್ತಲೇ ಇರುತ್ತಾನೆ, ಆ ಊಹೆಗೆ ಯಾರೂ ತಕರಾರು ತೆಗೆಯುವುದಿಲ್ಲ. ನೈತಿಕ ವಿಶೇಷಣಗಳಿಗೆ ಸಲ್ಲುವ ಸಲುಗೆ ನರವೈಜ್ಞಾನಿಕ ವಿಶೇಷಣಗಳಿಗೆ ಏಕೆ ಸಲ್ಲಬಾರದೆಂಬ ಪ್ರಶ್ನೆಗೆ ಆಕ್ಷೇಪಕರಲ್ಲಿ ಗಟ್ಟಿ ಉತ್ತರವಿಲ್ಲ. ಕೇಳಬೇಕಾದದ್ದು, ಹೀಗೆ ಹೆಸರಿಟ್ಟ ಮೇಲೆ ಕೃತಿಯಲ್ಲಿ ಮೊದಲು ಕಾಣದಿದ್ದದ್ದು ಏನಾದರೂ ಕಾಣುತ್ತದೆಯೇ ಎಂದು.

ಭಾಷಾಚಿಕಿತ್ಸಕಿ ಫಿಲಿಸ್ ಫರ್ಗುಸನ್ ಬಾಟಮರ್ 2007ರ ತಮ್ಮ ಪುಸ್ತಕದಲ್ಲಿ ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ (1813) ಕಾದಂಬರಿಯ ಹಲವು ಪಾತ್ರಗಳನ್ನು ಆಟಿಸಂನ ಹರವಿನೊಳಗೆ ತಂದರು. ನೃತ್ಯಕೂಟದಲ್ಲಿ ಬಿಮ್ಮನೆ ನಿಲ್ಲುವ ಡಾರ್ಸಿ, ಮಾತು ನಿಲ್ಲಿಸಲು ತಿಳಿಯದ ಕಾಲಿನ್ಸ್, ಸಮಯಸಂದರ್ಭವಿಲ್ಲದೆ ನೀತಿವಾಕ್ಯ ಉದುರಿಸುವ ಮೇರಿ, ಎಲ್ಲರೂ ಅಲ್ಲಿದ್ದಾರೆ. ಒಂದೇ ಕಾದಂಬರಿಯಲ್ಲಿ ಇಷ್ಟು ಜನ ಸಿಕ್ಕಿದ ಮೇಲೆ ಹೆಸರಿಗೆ ಉಳಿಯುವ ಅರ್ಥವೆಷ್ಟು ಎಂಬ ಸಂಶಯ ಸಹಜ. ಆದರೆ ಈ ಓದು ಒಂದು ಸನ್ನಿವೇಶವನ್ನು ಮಾತ್ರ ನಿಜವಾಗಿಯೂ ಬೆಳಗಿಸುತ್ತದೆ. ರೋಸಿಂಗ್ಸ್ ಮಹಲಿನಲ್ಲಿ ಪಿಯಾನೊ ಮುಂದೆ ಕೂತ ಕಥಾನಾಯಕಿ ಎಲಿಜಬೆತ್‌ಳಿಗೆ ಡಾರ್ಸಿ, ಅಪರಿಚಿತರೊಡನೆ ಸಲೀಸಾಗಿ ಮಾತಾಡುವ ಶಕ್ತಿ ತನಗಿಲ್ಲವೆಂದು ಒಪ್ಪಿಕೊಂಡಾಗ, ಆಕೆ ತನ್ನ ಬೆರಳುಗಳೂ ಚೆನ್ನಾಗಿ ನುಡಿಸಲಾರವು, ಅದಕ್ಕೆ ತಾನು ಅಭ್ಯಾಸ ಮಾಡದಿರುವುದೇ ಕಾರಣ ಎನ್ನುತ್ತಾಳೆ. ಸಾಂಪ್ರದಾಯಿಕ ಓದಿಗೆ ಇದು ಚತುರೋಕ್ತಿ. ಸದಾ ಇತರರಂತೆ ನಟಿಸಲು ತರಬೇತಿ ಪಡೆಯಬೇಕಾಗುವ ಆಟಿಸ್ಟಿಕ್ ಓದುಗರಿಗೆ ಅದು ಬಹಳ ಸಲ ಕೇಳಿ ಬೇಸತ್ತ ಉಪದೇಶ. ಬಾಟಮರ್ ಅವರ ರೋಗನಿರ್ಣಯವನ್ನು ಒಪ್ಪದೆಯೂ ಈ ಎರಡನೆಯ ದನಿಯನ್ನು ಕೇಳಿಸಿಕೊಳ್ಳಬಹುದು. ಅದರ ಜೊತೆಗೇ, ವರ್ಷಕ್ಕೆ ಹತ್ತು ಸಾವಿರ ಪೌಂಡ್ ಆದಾಯದವನ ಮೌನವನ್ನು ಊರು ಗರ್ವವೆಂದು ಓದಿತು, ಬಡವನ ಅದೇ ಮೌನವನ್ನು ಏನೆಂದು ಓದುತ್ತಿತ್ತೋ ಎಂಬುದನ್ನು ಈ ಓದು ಬಹುಮಟ್ಟಿಗೆ ಮರೆಯುತ್ತದೆ.

ಆ ಪ್ರಶ್ನೆಗೆ ಉತ್ತರ ಹರ್ಮನ್ ಮೆಲ್ವಿಲ್‌ನ ‘ಬಾರ್ಟಲ್ಬಿ’ (1853) ಕಥೆಯಲ್ಲಿದೆ. ನ್ಯೂಯಾರ್ಕಿನ ವಕೀಲನೊಬ್ಬನ ಕಚೇರಿಯಲ್ಲಿ ದಸ್ತಾವೇಜು ನಕಲು ಮಾಡುವ ಬಾರ್ಟಲ್ಬಿ ಮೊದಲು ನಕಲುಗಳನ್ನು ತಾಳೆ ನೋಡಲು, ಬಳಿಕ ಎಲ್ಲ ಕೆಲಸಕ್ಕೂ ವಿನಯದಿಂದಲೇ ಒಲ್ಲೆನೆನ್ನುತ್ತಾನೆ, ಶುಂಠಿಯ ಬಿಸ್ಕತ್ತು ತಿಂದು ಬದುಕುತ್ತಾನೆ, ಗೋಡೆ ನೋಡುತ್ತ ನಿಲ್ಲುತ್ತಾನೆ, ಕೊನೆಗೆ ಜೈಲಿನಲ್ಲಿ ಊಟ ಬಿಟ್ಟು ಸಾಯುತ್ತಾನೆ. ಆತನಲ್ಲಿ ಆಟಿಸಂ ಕಂಡವರು ಅನೇಕರು. ಅವರಲ್ಲಿ ಹೆಚ್ಚಿನವರು ಗಮನಿಸದಿರುವ ಸಂಗತಿಯೆಂದರೆ, ಕಥೆಯೊಳಗೇ ಒಬ್ಬ ರೋಗನಿರ್ಣಯಕಾರನಿದ್ದಾನೆ. ಬಾರ್ಟಲ್ಬಿ ಕಚೇರಿಯಲ್ಲೇ ವಾಸವಾಗಿದ್ದಾನೆಂದು ಒಂದು ಭಾನುವಾರ ತಿಳಿದ ವಕೀಲ ಮೊದಲು ಮರುಗುತ್ತಾನೆ. ಅನಂತರ, ಇದು ಹುಟ್ಟಿನಿಂದ ಬಂದ, ವಾಸಿಯಾಗದ ವಿಕಾರವೆಂದು ತನಗೆ ತಾನೇ ತೀರ್ಮಾನಿಸಿ, ಸಹಾಯದಿಂದ ಫಲವಿಲ್ಲವಾದ್ದರಿಂದ ಒಂದಿಷ್ಟು ಹಣ ಕೊಟ್ಟು ಕಳುಹಿಸಿಬಿಡುವುದೇ ಸರಿಯೆಂದುಕೊಳ್ಳುತ್ತಾನೆ. ಹೆಸರು ಸಿಕ್ಕ ಕೂಡಲೇ ಹೊಣೆ ಕಳಚಿತು. ಸಂವಹನದ ಸೋಲು ಆಟಿಸ್ಟಿಕ್ ವ್ಯಕ್ತಿಯೊಬ್ಬನದಲ್ಲ, ಎರಡೂ ಕಡೆಯವರದೆಂದು ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ಇಬ್ಬದಿಯ ಸಹಾನುಭೂತಿಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಕಥನ ದೊರೆಯುವುದು ಕಷ್ಟ.

ಅದೇ ಕಚೇರಿಯಲ್ಲಿ ನಿಪ್ಪರ್ಸ್ ಎಂಬ ಇನ್ನೊಬ್ಬ ಗುಮಾಸ್ತನಿದ್ದಾನೆ. ಮೇಜಿನ ಎತ್ತರ ಅವನಿಗೆ ಎಂದೂ ಸರಿಬರುವುದಿಲ್ಲ. ಚಕ್ಕೆ, ಮರದ ತುಂಡು, ರಟ್ಟು ಏನನ್ನು ಕೆಳಗಿಟ್ಟರೂ ಸಮಾಧಾನವಿಲ್ಲದೆ ಅದನ್ನು ಎಳೆದಾಡುತ್ತಲೇ ಇರುತ್ತಾನೆ. ವಕೀಲನ ಪ್ರಕಾರ ಇದು ಅಜೀರ್ಣದ ಫಲ. ಬಾರ್ಟಲ್ಬಿಯ ಬಗ್ಗೆ ಬರೆದ ವಿಮರ್ಶಕರ ಕಣ್ಣಿಗೂ ನಿಪ್ಪರ್ಸ್‌ನ ಚಡಪಡಿಕೆ ಅಷ್ಟಾಗಿ ಬಿದ್ದಿಲ್ಲ. ಈ ಪರಂಪರೆಯ ದೊಡ್ಡ ಕೊರತೆ ಇಲ್ಲಿದೆ. ಆಟಿಸಂನ ಪಾತ್ರ ಕಥೆಯ ನಡುವೆ ಕದಲದೆ ನಿಂತು ಒಗಟಾಗುತ್ತದೆ, ಆದ್ದರಿಂದ ವ್ಯಾಖ್ಯಾನವನ್ನು ಬೇಡುತ್ತದೆ. ಎಡಿಎಚ್‌ಡಿಯ ಮರೆವು, ದುಡುಕುಗಳಾದರೋ ಕಥೆಯನ್ನು ಮುಂದಕ್ಕೆ ದೂಡುವ ಯಂತ್ರವೇ ಆಗಿಬಿಡುವುದರಿಂದ ಕಥೆಯ ಗುಣವಾಗಿ ಕಾಣುತ್ತವೆಯೇ ಹೊರತು ವ್ಯಕ್ತಿಯ ಗುಣವಾಗಿ ಅಲ್ಲ. ಎಲ್.ಎಂ. ಮಾಂಟ್‌ಗೊಮೆರಿಯ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ (1908) ಕಾದಂಬರಿಯಲ್ಲಿ ಆ್ಯನ್ ತಾನೊಬ್ಬ ಸನ್ಯಾಸಿನಿಯೆಂದು ಕನಸು ಕಾಣುತ್ತ ಪುಡಿಂಗಿನ ಸಾಸನ್ನು ಮುಚ್ಚಲು ಮರೆತು, ಅದರಲ್ಲಿ ಇಲಿ ಬಿದ್ದು ಸಾಯುತ್ತದೆ. ಅದನ್ನು ಹೇಳಲೂ ಮರೆಯುತ್ತಾಳೆ. ಓದುಗರು ನಗುತ್ತಾರೆ, ಕಲ್ಪನಾಶಕ್ತಿ ಎನ್ನುತ್ತಾರೆ. ಹುಡುಗಿಯರ ಎಡಿಎಚ್‌ಡಿ ಶಾಲೆಯಲ್ಲೂ ಹಗಲುಗನಸೆಂದೇ ತಳ್ಳಿಹಾಕಲ್ಪಡುವುದನ್ನು ಬಲ್ಲವರಿಗೆ ಈ ಮುದ್ದಿನಲ್ಲೇ ಒಂದು ಕುರುಡಿರುವುದು ತಿಳಿಯುತ್ತದೆ.

ಷೆರ್ಲಾಕ್ ಹೋಮ್ಸ್‌ನ ವಿಷಯದಲ್ಲಿ ಆಯ್ಕೆಯ ಪಕ್ಷಪಾತ ಇನ್ನೂ ಸ್ಪಷ್ಟ. ಸೂಕ್ಷ್ಮ ವಿವರಗಳ ಮೇಲಿನ ಕಣ್ಣು ಮತ್ತು ಭಾವನೆಗಳಿಂದ ದೂರವಿರುವ ತರ್ಕ ಇವಿಷ್ಟನ್ನೇ ಎತ್ತಿಕೊಂಡು ಆತನನ್ನು ಆಟಿಸಂನ ಮಾದರಿಯಾಗಿಸಲಾಗಿದೆ. ಆದರೆ ಚುರುಟನ್ನು ಕಲ್ಲಿದ್ದಲ ಡಬ್ಬದಲ್ಲೂ ತಂಬಾಕನ್ನು ಪರ್ಷಿಯನ್ ಚಪ್ಪಲಿಯಲ್ಲೂ ಇಡುವ, ಉತ್ತರಿಸದ ಪತ್ರಗಳನ್ನು ಚಾಕುವಿನಿಂದ ಒಲೆಯ ಮೇಲಿನ ಹಲಗೆಗೆ ಚುಚ್ಚಿಡುವ, ಪ್ರಕರಣವಿಲ್ಲದ ದಿನಗಳಲ್ಲಿ ಸೋಫಾದ ಮೇಲೆ ಮುದುಡಿ ಬೀಳುವ ಹೋಮ್ಸ್ ಕೂಡ ಕಾನನ್ ಡಾಯ್ಲ್‌ನ ಸೃಷ್ಟಿಯೇ. ಒಬ್ಬನೇ ವ್ಯಕ್ತಿಗೆ ಎರಡೂ ಹೆಸರುಗಳನ್ನು ಕೊಡಲು ಅಮೆರಿಕದ ಕೈಪಿಡಿ ಅನುಮತಿಸಿದ್ದೇ 2013ರಲ್ಲಿ. ವಿಮರ್ಶೆ ಇನ್ನೂ ಅಲ್ಲಿಗೆ ತಲುಪಿದಂತಿಲ್ಲ.

ಈ ಓದುಗಳಿಗೆ ಹೋಲಿಸಿದರೆ ಜೂಲಿಯಾ ಮಿಯೆಲೆ ರೋಡಾಸ್ ಅವರ 2018ರ ‘ಆಟಿಸ್ಟಿಕ್ ಡಿಸ್ಟರ್ಬನ್ಸಸ್’ ಹೆಚ್ಚು ಗಟ್ಟಿಯಾದ ನೆಲದ ಮೇಲಿದೆ. ಅವರು ಪಾತ್ರಗಳ ನಾಡಿ ಹಿಡಿಯುವುದಿಲ್ಲ; ಪುನರುಕ್ತಿ, ಪಟ್ಟಿ ಮಾಡುವುದು, ವರ್ಗೀಕರಣದ ಹಂಬಲ ಮುಂತಾಗಿ ವೈದ್ಯರು ಲಕ್ಷಣವೆಂದು ಗುರುತಿಸಿದ ಭಾಷಾರೂಪಗಳನ್ನೇ ‘ರಾಬಿನ್ಸನ್ ಕ್ರೂಸೊ’ದಂಥ ಕೃತಿಗಳ ಶೈಲಿಯಲ್ಲಿ ಹುಡುಕಿ, ಆಸ್ಪತ್ರೆಯಲ್ಲಿ ದೋಷವಾದದ್ದು ಸಾಹಿತ್ಯದಲ್ಲಿ ಹೇಗೆ ಸೊಗಸಾಗುತ್ತದೆಂದು ತೋರಿಸುತ್ತಾರೆ. ಪಾತ್ರಕ್ಕೆ ಮಿದುಳಿಲ್ಲವೆಂಬ ಆಕ್ಷೇಪ ಇಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ.

ಕನ್ನಡದ ಓದುಗರಿಗೆ ಇಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನೆನಪಾಗದಿರದು. ಊರಿನ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಅಬ್ಬೇಪಾರಿ. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟು ನಿಸರ್ಗಶಾಸ್ತ್ರಜ್ಞ. ಮಂದಣ್ಣನಿಗೆ ಯಾವ ಹೆಸರನ್ನೂ ಹಚ್ಚಬೇಕಿಲ್ಲ, ಹಚ್ಚಿದರೆ ಕಾದಂಬರಿ ಕುಗ್ಗುತ್ತದೆ. ಒಂದೇ ಗಮನ ಒಂದೆಡೆ ದಡ್ಡತನವಾಗಿ, ಇನ್ನೊಂದೆಡೆ ಪ್ರತಿಭೆಯಾಗಿ ಎಣಿಕೆಯಾಗುವ ಬಗೆಯನ್ನು ತೇಜಸ್ವಿ ವೈದ್ಯಕೀಯದ ನೆರವಿಲ್ಲದೆಯೇ ಬರೆದಿದ್ದಾರೆ. ಆದರೂ ಒಂದು ತೊಡಕು ಉಳಿಯುತ್ತದೆ. ಮಂದಣ್ಣನಿಗೆ ಮನ್ನಣೆ ದೊರೆತದ್ದು ಆತ ಹಾರುವ ಓತಿಯನ್ನು ಕಂಡಿದ್ದರಿಂದ, ‘ರೇನ್ ಮ್ಯಾನ್’ (1988) ಚಿತ್ರದ ರೇಮಂಡ್‌ಗೆ ಅಣ್ಣನ ಪಟ್ಟ ದೊರೆಯುವ ದಾರಿ ಇಸ್ಪೀಟಿನ ಎಲೆ ಎಣಿಸುವುದರ ಮೂಲಕ ಸಾಗುವಂತೆ. ಹೋಮ್ಸ್‌ಗೆ ಪತ್ತೇದಾರಿಕೆಯಿದೆ, ಡಾರ್ಸಿಗೆ ಎಸ್ಟೇಟು ಇದೆ. ಏನನ್ನೂ ಕಂಡುಹಿಡಿಯದ, ಯಾರಿಗೂ ಉಪಯೋಗಕ್ಕೆ ಬಾರದ ಬಾರ್ಟಲ್ಬಿಯ ಮುಂದೆ ಈ ಪರಂಪರೆ ಇನ್ನೂ ವಕೀಲನ ಹಾಗೆಯೇ ತಡವರಿಸುತ್ತಿದೆ.