ಸಂಘದವರನ್ನ ನೋಡಿ ನಗೋ ಮುಂಚೆ

‘ನೀಕ್ಯಾಪ್’ (2024) ಸಿನಿಮಾದ ಬೆಸ್ಟ್ ಸೀನ್ ಪೊಲೀಸ್ ಸ್ಟೇಷನ್‌ದು. ಬೆಲ್‌ಫಾಸ್ಟಿನ ಹುಡುಗ ಇಂಗ್ಲಿಷ್ ಮಾತಾಡೋದೇ ಇಲ್ಲ ಅಂತ ಹಟ ಹಿಡೀತಾನೆ. ದುಭಾಷಿಯಾಗಿ ಬಂದ ಮೇಷ್ಟ್ರು ಆಮೇಲೆ ಅವನ ಐರಿಶ್ ರ‍್ಯಾಪ್ ತಂಡಕ್ಕೇ ಸೇರ್ಕೋತಾರೆ. ಸಖತ್! ಆದರೆ ಐರಿಶ್ ಭಾಷಾ ಕಾಯ್ದೆಗಾಗಿ ಓಡಾಡೋ ಮೇಷ್ಟ್ರ ಸಂಗಾತಿಯನ್ನ ಸಿನಿಮಾ ಹುಡುಗರ ಮಜಕ್ಕೆ ಅಡ್ಡ ಬರೋ ಮಡಿವಂತೆ ಥರ ನೋಡುತ್ತೆ. ಇದು ಅನ್ಯಾಯ. ಆ ಹುಡುಗನ ಹಟವನ್ನೇ ಹಕ್ಕು ಮಾಡೋಕೆ ತಾನೇ ಅವಳಂಥವರು ಬೀದಿಗಿಳಿದಿದ್ದು? ಕೋರ್ಟಿನಲ್ಲಿ ಐರಿಶ್ ಬಳಸಬಾರದು ಅನ್ನೋ 1737ರ ಕಾನೂನನ್ನ ಉತ್ತರ ಐರ್ಲೆಂಡಿನಲ್ಲಿ ರದ್ದು ಮಾಡೋ ಕಾಯ್ದೆ ಪಾಸಾಗಿದ್ದು 2022ರಲ್ಲಿ. ಅದರ ಹಿಂದೆ ಇದ್ದದ್ದು 1893ರಿಂದ ಇರೋ ಕಾನ್ರಾ ನ ಗೇಲ್ಗೆ, ಕೆಂಪು ಬಟ್ಟೆಯ ಸಾವಿರಾರು ಜನರನ್ನ ಸೇರಿಸಿದ ಅನ್ ಡ್ರೌಮ್ ಜಾರಗ್ ಥರದ ಸಂಘಗಳು. ಮೀಟಿಂಗು, ಅರ್ಜಿ, ಮತ್ತೆ ಮೀಟಿಂಗು. ತೆರೆ ಮೇಲೆ ಇಂಥದ್ದು ಬೋರು, ಒಪ್ತೀನಿ. ಒಂದೈದು ನಿಮಿಷ ಕೊಟ್ಟಿದ್ರೆ ಡೈರೆಕ್ಟರ್ ಗಂಟೇನು ಹೋಗ್ತಿತ್ತು?